ಮುರುಗಲ ತುಪ್ಪದಲ್ಲಿ ಪನ್ನೇರಳೆ

ಅಣ್ಣನ ಮೊಮ್ಮಗಳು ಮೊನ್ನೆ ಒಂದು ಸೆಂಟಿನ ಬಾಟಲಿ ತಂದು ನನ್ನ ಮೂಗಿಗೆ ಹಿಡಿದಳು. ಪೇರಲೆ ಹಣ್ಣು, ಅದರ ಹಿಂದೆ ಸ್ವಲ್ಪ ಅನಾನಸು. ಚೆನ್ನಾಗಿದೆ, ನನಗೂ ಒಂದು ತಂದುಕೊಡು ಎಂದೆ. ಅವಳು ನಕ್ಕಳು. "ಅಜ್ಜಿ, ಹಣ್ಣಿನ ಪರಿಮಳ ಅಂದ್ರೆ ಚಿಕ್ಕಮಕ್ಕಳದ್ದು. ಮಿಠಾಯಿ ಥರ. ದೊಡ್ಡವರಿಗೆ ಹೂವಿನದ್ದು, ಗಂಧದ್ದು ಬೇರೆ ಇರ್ತದೆ" ಎಂದಳು. ಅಂಗಡಿಯವರು ಹಾಗೆ ಹೇಳಿ ಕಳಿಸಿದ್ದಾರಂತೆ.

ನನಗೆ ಸಿಟ್ಟು ಬಂತು. ಈ ವಯಸ್ಸಿನಲ್ಲೂ ನನ್ನ ಸಿಟ್ಟು ಒಲೆಯ ಮೇಲಿನ ಹಾಲಿನ ಹಾಗೆ, ಉಕ್ಕಿದ ಮೇಲೆಯೇ ಗೊತ್ತಾಗುವುದು. ಹಣ್ಣಿನ ಪರಿಮಳ ಮಕ್ಕಳಾಟಿಕೆಯೆಂದು ಯಾರು ಹೇಳಿದರು? ಹೂವಿನ ಪರಿಮಳ ಮೂಗಿನಲ್ಲಿ ಶುರುವಾಗಿ ಮೂಗಿನಲ್ಲೇ ಮುಗಿಯುತ್ತದೆ. ಹಣ್ಣಿನದು ನಾಲಿಗೆಗೆ ಇಳಿಯುತ್ತದೆ. ಬಾಯಲ್ಲಿ ನೀರು ಬರುತ್ತದೆ. ಬಾಯಲ್ಲಿ ನೀರು ಬಂದರೆ ತಾನಿನ್ನೂ ಬದುಕಿದ್ದೇನೆ ಎಂದು ಮನುಷ್ಯನಿಗೆ ಗೊತ್ತಾಗುತ್ತದೆ. ಹಾಗೆ ಗೊತ್ತಾಗಬೇಕಾದ ಕಾಲವೊಂದು ನನಗೆ ಬಂದಿತ್ತು. ಆ ಪರಿಮಳವನ್ನು ನಾನು ಅಂಗಡಿಯಿಂದ ತಂದದ್ದಲ್ಲ, ಜಗಳವಾಡಿ ಪಡೆದದ್ದು.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯ ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ ನನ್ನ ಗಂಡ ತೀರಿಕೊಂಡರು. ಸಿದ್ದಾಪುರದ ಕಡೆ ಕೊಟ್ಟಿದ್ದರು ನನ್ನನ್ನು. ಜ್ವರ ಬಂತು, ಹೋಯಿತು, ಮತ್ತೆ ಬಂತು, ಅವರನ್ನು ಕರೆದುಕೊಂಡೇ ಹೋಯಿತು. ನನಗೆ ಇಪ್ಪತ್ತು ತುಂಬಿತ್ತಷ್ಟೆ, ಮಕ್ಕಳಿರಲಿಲ್ಲ. ಅಣ್ಣ ಬಂದು ಶಿರಸಿಗೆ ಕರೆತಂದ. ಅವನು ಅಲ್ಲಿ ಶಾಲೆಯ ಮಾಸ್ತರ, ಪೇಟೆಯ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಮನೆಯಲ್ಲಿ ಅವನು, ಅತ್ತಿಗೆ, ಮತ್ತೆ ನಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ.

ಸೋದರತ್ತೆಗೆ ಎಂಟೋ ಒಂಬತ್ತೋ ವರ್ಷಕ್ಕೆ ಮದುವೆಯಾಗಿ, ಮೈ ನೆರೆಯುವ ಮೊದಲೇ ಗಂಡ ಹೋಗಿದ್ದ. ಆವತ್ತಿನಿಂದ ಬೋಳು ತಲೆ, ಕೆಂಪು ಸೀರೆ. ಮನೆಯ ಮಡಿ ಮೈಲಿಗೆಯ ಪೂರ್ತಿ ಅಧಿಕಾರ ಅವಳ ಕೈಯಲ್ಲಿ. ಅವಳು ಸ್ನಾನ ಮಾಡಿ ಬಂದರೆ ನಾವು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದೆವು. ನನ್ನ ತಲೆಗೂ ಕತ್ತಿ ಬರುವುದಿತ್ತು. ಅಣ್ಣ, ಯಾವತ್ತೂ ದನಿ ಎತ್ತದವನು, ಆವತ್ತು ಬಾಗಿಲಿಗೆ ಅಡ್ಡ ನಿಂತು "ಕ್ಷೌರದವ ಈ ಹೊಸ್ತಿಲು ದಾಟ್ಲಾಗ" ಎಂದಿದ್ದ. ಹಾಗಾಗಿ ಕೂದಲು ಉಳಿಯಿತು. ಮುಡಿಯಲು ಹೂವು ಉಳಿಯಲಿಲ್ಲ. ಬಳೆ, ಕುಂಕುಮ, ಗಂಧವೂ ಇಲ್ಲ, ಸಾಬೂನು ಕೂಡ ವಾಸನೆಯಿಲ್ಲದ್ದು.

ಬಳೆ ಹೋದದ್ದಕ್ಕೆ ನಾನು ಅಷ್ಟು ಅಳಲಿಲ್ಲ. ನನಗೆ ಚಿಕ್ಕಂದಿನಿಂದ ಮೂಗು ಚುರುಕು. ಕಣ್ಣು ಮುಚ್ಚಿ ಕೂರಿಸಿದರೆ ಮಲ್ಲಿಗೆಗೂ ಜಾಜಿಗೂ ಮಾತ್ರವಲ್ಲ, ಈ ಮರದ ಮಾವಿಗೂ ಆ ಮರದ ಮಾವಿಗೂ ವ್ಯತ್ಯಾಸ ಹೇಳುತ್ತಿದ್ದೆ. ಅಂಥವಳ ಮೂಗಿನ ಮುಂದಿನಿಂದ ಪರಿಮಳವನ್ನೆಲ್ಲ ಎತ್ತಿಕೊಂಡು ಹೋದ ಹಾಗಾಯಿತು.

ಪೇಟೆಯಲ್ಲಿ ಅತ್ತರು ಮಾರುವ ಸಾಬರೊಬ್ಬರಿದ್ದರು. ಮರದ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಓಣಿಗೂ ಬರುತ್ತಿದ್ದರು. ಒಂದು ದಿನ ಅತ್ತಿಗೆ ಅವರನ್ನು ಜಗಲಿಗೆ ಕರೆದಳು. ಅವರು ಹತ್ತಿಯ ಚಿಕ್ಕ ಉಂಡೆಗೆ ಒಂದೊಂದು ಹನಿ ಹಾಕಿ ಕೊಡುತ್ತಿದ್ದರು. ಅತ್ತಿಗೆ ಗುಲಾಬಿಯದನ್ನು ನನ್ನ ಕೈಗೆ ಕೊಟ್ಟು, ನೀನೂ ನೋಡು ಎಂದಳು. ನಾನು ಮೂಗಿನ ಹತ್ತಿರ ತಂದೆನಷ್ಟೆ.

"ನಿಂಗೆ ಎಂತಕ್ಕೆ ಅದು? ಅಲ್ಲಿಡು" ಎಂದಿತು ಒಳಗಿನಿಂದ ದನಿ.

ಸೋದರತ್ತೆ ಕತ್ತಲ ಕೋಣೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದಳು. ನಾನು ಇಟ್ಟೆ. ಸಾಬರಿಗೆ ಏನೆನ್ನಿಸಿತೋ, ತಲೆ ತಗ್ಗಿಸಿ ಬಾಟಲಿಗಳನ್ನು ಒರೆಸತೊಡಗಿದರು. ನಾನು ಸುಮ್ಮನಿರಲಾರದೆ ಕೇಳಿದೆ: "ನಿಮ್ಮ ಹತ್ತಿರ ಹಣ್ಣಿನ ಅತ್ತರು ಇದ್ದಾ?"

"ಹಣ್ಣಿಂದು ಆಗೋದಿಲ್ಲ ಅಮ್ಮಾ. ಹೂವಿಂದು ಆಗ್ತದೆ, ಬೇರಿಂದು ಆಗ್ತದೆ, ಮಣ್ಣಿಂದೂ ಆಗ್ತದೆ. ಹಣ್ಣು ಕಾಯಿಸಿದ್ರೆ ಮುರಬ್ಬಾ ಆಗ್ತದೆ, ಅತ್ತರು ಆಗೋದಿಲ್ಲ."

ನಾನು ಹಣ್ಣಿನದನ್ನು ಕೇಳಿದ್ದು ಹಟಕ್ಕೆ. ಕೇಳಿದ ಮೇಲೆ ಅದೇ ತಲೆಯಲ್ಲಿ ಕುಳಿತಿತು. ನಮ್ಮಂಥವರಿಗೆ ಹೂವು ಕೂಡದು, ಗಂಧ ಕೂಡದು, ಅತ್ತರು ಕೂಡದು. ಆದರೆ ಹಣ್ಣು? ಏಕಾದಶಿ ಬಂದರೆ ಸೋದರತ್ತೆಗೂ ನನಗೂ ಅನ್ನವಿಲ್ಲ, ಹಣ್ಣೇ ಆಹಾರ. ಇಡೀ ಶಾಸ್ತ್ರದಲ್ಲಿ ವಿಧವೆಗೆ ತಿನ್ನು, ಧಾರಾಳವಾಗಿ ತಿನ್ನು ಎಂದು ಕೈ ಬಿಚ್ಚಿ ಕೊಟ್ಟ ವಸ್ತು ಅದೊಂದೇ. ಅವರು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂದುಕೊಂಡೆ. ಹಣ್ಣಿನ ಪರಿಮಳ ನನ್ನ ಮೈಮೇಲೆ ಇರಲೇಬೇಕು. ಯಾರೂ ಬೊಟ್ಟು ಮಾಡಿ ತಪ್ಪು ಎನ್ನಬಾರದು, ಹಾಗೆ ಇರಬೇಕು.

ಮೊದಲು ಅನಾನಸಿನ ಸಿಪ್ಪೆ. ಒಣಗಿಸಿ ಸೀರೆಯ ಮಡಿಕೆಯೊಳಗೆ ಇಟ್ಟು ಟ್ರಂಕು ಮುಚ್ಚಿದೆ. ಮಾರನೆಯ ದಿನ ತೆಗೆದರೆ ಪರಿಮಳ ಬಂದಿತ್ತು, ಅದಕ್ಕಿಂತ ಮೊದಲು ಇರುವೆ ಬಂದಿತ್ತು. ಆ ಸೀರೆ ಉಟ್ಟು ಅಡುಗೆಮನೆಯಲ್ಲಿ ನಾನು ಕುಣಿದ ಕುಣಿತ ನೋಡಿ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಲಸಿನ ತೊಳೆಯನ್ನು ಪ್ರಯತ್ನ ಮಾಡುವ ಮೊದಲೇ ಬಿಟ್ಟೆ. ಅದು ಮನೆಯಲ್ಲಿ ಒಂದಿದ್ದರೆ ಓಣಿಗೆಲ್ಲ ತಿಳಿಯುತ್ತದೆ.

ಆಮೇಲೆ ಮಾಡಿದ ಕೆಲಸ ನಮ್ಮ ಸೀಮೆಯವರು ಮಾತ್ರ ಮಾಡಬಹುದಾದದ್ದು. ಅಪ್ಪೆಮಿಡಿಯೆಂದರೆ ಉಪ್ಪಿನಕಾಯಿಗೆ ಹಾಕುವ ಎಳೆಯ ಕಾಡುಮಾವಿನ ಮಿಡಿ. ಅದರ ತೊಟ್ಟು ಮುರಿದರೆ ಚಿಮ್ಮುವ ರಸವೇ ಸೊನೆ. ಒಂದು ಮರದ್ದು ಜೀರಿಗೆಯ ಪರಿಮಳ, ಇನ್ನೊಂದರದ್ದು ಕರ್ಪೂರದ್ದು. ನಮ್ಮ ಹೆಂಗಸರು ಅದನ್ನು ಹನಿ ಹನಿಯಾಗಿ ಹಿಡಿದು ಸೀಸೆಯಲ್ಲಿಟ್ಟು ವರ್ಷವಿಡೀ ಕಾಪಾಡುತ್ತಾರೆ. ಮಜ್ಜಿಗೆಗೆ ಒಂದು ಹನಿ ಬಿದ್ದರೆ ಉಣ್ಣುವವರು ಇನ್ನೊಂದು ಮುಷ್ಟಿ ಅನ್ನ ಕೇಳುತ್ತಾರೆ. ಅದರ ಮೇಲೆ ನಮಗಿರುವ ಭಕ್ತಿ ಎಷ್ಟೆಂದರೆ, ಅದು ಸುಡುತ್ತದೆಂಬುದನ್ನೂ ಆ ಭಕ್ತಿಯಲ್ಲಿ ಮರೆತುಬಿಡುತ್ತೇವೆ. ನಾನು ಮರೆತೆ. ಕಿವಿಯ ಹಿಂದೆ, ಕುತ್ತಿಗೆಗೆ, ಎರಡೂ ಕಡೆ ಹಚ್ಚಿಕೊಂಡೆ. ಆಹಾ ಎನ್ನುವ ಪರಿಮಳ! ಸಂಜೆಯೊಳಗೆ ಅಯ್ಯೋ ಎನ್ನುವ ಉರಿ. ಚರ್ಮ ಕೆಂಪಾಗಿ, ಬೊಕ್ಕೆಯೆದ್ದು, ಕುತ್ತಿಗೆ ತಿರುಗಿಸಲಾರದಂತಾಯಿತು.

ಸೋದರತ್ತೆ ನೋಡಿದಳು. ಕೇಳಲಿಲ್ಲ. ಸೊನೆಯ ಗಾಯ ಕುತ್ತಿಗೆಯ ಎರಡು ಬದಿಗೂ ಸಮನಾಗಿ ಹೇಗೆ ಬಂತು ಎಂದು ಯೋಚಿಸುವಷ್ಟು ಬುದ್ಧಿ ಅವಳಿಗೆ ಧಾರಾಳವಾಗಿತ್ತು. ಆದರೂ ಕೇಳಲಿಲ್ಲ. ಗೋಡೆಯ ನಾಗಂದಿಗೆಯ ಹಲಗೆಯಿಂದ ಮುರುಗಲ ತುಪ್ಪದ ಉಂಡೆ ತೆಗೆದು, ಬಿಸಿಮಾಡಿ, ತಾನೇ ಹಚ್ಚಿದಳು. ಮುರುಗಲ ಹಣ್ಣಿನ ಬೀಜ ಕುಟ್ಟಿ ಕುದಿಸಿ ತೆಗೆಯುವ ಈ ಬಿಳಿ ತುಪ್ಪ ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುತ್ತದೆ. ಒಡೆದ ಹಿಮ್ಮಡಿಗೆ, ಸುಟ್ಟ ಗಾಯಕ್ಕೆ, ತುಟಿಗೆ, ಎಲ್ಲಕ್ಕೂ ಅದೇ ಔಷಧ.

ಆ ತುಪ್ಪಕ್ಕೆ ತನ್ನದೇ ವಾಸನೆಯೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅವತ್ತು ನನ್ನ ಕುತ್ತಿಗೆಯಿಂದ ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ಎಲ್ಲಿಂದ ಎಂದು ಮೂಸುತ್ತ ಹೋದರೆ, ನಾಗಂದಿಗೆಯ ಮೇಲೆ ತುಪ್ಪದ ಉಂಡೆಯ ಪಕ್ಕದಲ್ಲೇ ಬಾಳೆಗೊನೆ ಹಣ್ಣಾಗುತ್ತಿತ್ತು. ತುಪ್ಪ ಪಕ್ಕದ ಮನೆಯ ಸುದ್ದಿಯನ್ನು ಹೀರಿಕೊಂಡಿತ್ತು! ಬೆಣ್ಣೆಯ ಹತ್ತಿರ ಉಳ್ಳಾಗಡ್ಡಿ ಇಡಬೇಡವೆಂದು ಜನ್ಮವಿಡೀ ಕೇಳಿದ್ದೆ, ಅದರ ಅರ್ಥ ತಿಳಿದದ್ದು ಅವತ್ತು. ಉರಿಯುವ ಕುತ್ತಿಗೆಯಲ್ಲಿ ಒಬ್ಬಳೇ ನಕ್ಕೆ.

ದಾರಿ ಸಿಕ್ಕಿತು, ಇನ್ನು ಹಣ್ಣು ಸಿಗಬೇಕಿತ್ತು. ಬಾಳೆಹಣ್ಣು ಒಪ್ಪಿಗೆಯಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಯಲ್ಲಾಪುರದ ಹತ್ತಿರ ನಂದೊಳ್ಳಿಗೆ, ಅಮ್ಮನ ತವರಿಗೆ, ಹಪ್ಪಳ ಸಂಡಿಗೆಯ ಕೆಲಸಕ್ಕೆ ಹೋಗಿದ್ದೆ. ಅಲ್ಲಿ ಬಾವಿಯ ಪಕ್ಕ ಪನ್ನೇರಳೆಯ ಮರವಿತ್ತು. ಹಣ್ಣು ಲಿಂಬೆಯ ಗಾತ್ರ, ತೆಳು ಹಳದಿ, ಒಳಗೆ ಟೊಳ್ಳು. ಅಲ್ಲಾಡಿಸಿದರೆ ಬೀಜ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ರುಚಿ ಹೇಳಿಕೊಳ್ಳುವಂಥದ್ದಲ್ಲ. ಪರಿಮಳ ಮಾತ್ರ ಗುಲಾಬಿ ಹೂವಿನದೇ, ಪನ್ನೀರಿನದೇ. ಚಿಕ್ಕಂದಿನಲ್ಲಿ ಎಷ್ಟೋ ತಿಂದಿದ್ದೆ, ಆಗ ಅದು ಬರೀ ಹಣ್ಣು. ಓಣಿಯ ಮಕ್ಕಳಿಗಿರಲಿ ಎಂದು ಒಂದು ಬುಟ್ಟಿ ಆಯ್ದುಕೊಂಡು ಶಿರಸಿಯ ಬಸ್ಸು ಹತ್ತಿದೆ.

ಬಸ್ಸು ತುಂಬಿತ್ತು. ಬುಟ್ಟಿ ನನ್ನ ಕಾಲ ಕೆಳಗಿತ್ತು. ಸೆಕೆಗೆ ಹಣ್ಣು ಬೆಚ್ಚಗಾಗಿ ಬಸ್ಸಿನ ತುಂಬ ಗುಲಾಬಿ ಹರಡಿತು. ಮುಂದಿನ ಸೀಟಿನಲ್ಲಿ ಬನವಾಸಿ ಕಡೆಯ ವ್ಯಾಪಾರಿಯೊಬ್ಬರು ಕುಳಿತಿದ್ದರು, ಹಣೆಯ ತುಂಬ ವಿಭೂತಿ. ಅವರು ತಿರುಗಿ ನೋಡಿ, "ಯಾರ್ರೀ ಅದು ಅತ್ತರ ಹಚ್ಕೊಂಡು ಬಂದಾರ? ಘಮಘಮ ಅಂತೈತಲ್ರಿ" ಎಂದರು. ಎಲ್ಲರೂ ತಲೆಯೆತ್ತಿದರು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳಿದ್ದಳು, ಅವಳನ್ನು ನೋಡಿದರು. ಅವಳು ನಾಚಿ ಸೆರಗು ಎಳೆದುಕೊಂಡಳು. ಕೊರಳಿಗೆ ಕರ್ಚೀಫು ಸುತ್ತಿಕೊಂಡ ಯುವಕನನ್ನು ನೋಡಿದರು. ಕಂಡಕ್ಟರನನ್ನೂ ಗುಮಾನಿಯಿಂದ ನೋಡಿದರು. ನನ್ನ ಕಡೆ ಮಾತ್ರ ಯಾರೂ ನೋಡಲಿಲ್ಲ. ಬೋಳು ಹಣೆಯ ಹೆಂಗಸಿನಿಂದ ಗುಲಾಬಿ ಬರುತ್ತದೆಂದು ಯಾರಿಗೂ ಹೊಳೆಯಲಿಲ್ಲ.

ಮೊದಲು ನಗು ಬಂತು. ಮಂಚಿಕೇರಿ ದಾಟುವಷ್ಟರಲ್ಲಿ ಅದು ದುಃಖವಾಯಿತು. ಶಿರಸಿಯಲ್ಲಿ ಇಳಿಯುವಾಗ ಅದು ನಿರ್ಧಾರವಾಗಿತ್ತು. ಬೇಕಾದದ್ದು ಈ ಹಣ್ಣೇ.

ಮುರುಗಲ ತುಪ್ಪ ಕಲ್ಲಿನ ಹಾಗೆ ಗಟ್ಟಿ. ಅದಕ್ಕೆ ಕೊಬ್ಬರಿ ಎಣ್ಣೆ ಸೇರಿಸಿ ಮೆದು ಮಾಡಿಕೊಂಡೆ. ಹಣ್ಣಿನ ಹೋಳುಗಳನ್ನು ಅದರೊಳಗೆ ಹುಗಿದೆ. ಬೂಸುರು ಬಂತು. ಹಣ್ಣಿನ ನೀರು ತುಪ್ಪಕ್ಕೆ ಸೋಕಬಾರದೆಂದು ತಿಳಿಯಿತು. ಎರಡನೆಯ ಸಲ ತುಪ್ಪವನ್ನು ಕಂಚಿನ ಬಟ್ಟಲಿನ ಒಳಮೈಗೆ ಬಳಿದು, ತಟ್ಟೆಯಲ್ಲಿ ಹಣ್ಣು ಹರಡಿ, ಅದರ ಮೇಲೆ ಬಟ್ಟಲನ್ನು ಕವುಚಿಟ್ಟೆ. ದಿನವೂ ಹಳೆಯ ಹಣ್ಣು ತೆಗೆದು ಹೊಸದು. ಬುಟ್ಟಿ ಮುಗಿಯುವ ಹೊತ್ತಿಗೆ ತುಪ್ಪ ಗುಲಾಬಿಯಾಗಿತ್ತು. ಬರೀ ಗುಲಾಬಿಯಲ್ಲ, ಅದರ ಕೆಳಗೆ ಹಣ್ಣಿನ ಸಿಹಿ, ಬಾಯಲ್ಲಿ ನೀರು ತರಿಸುವಂಥದ್ದು. ಅದನ್ನು ಕೆರೆದು, ತೊಳೆದಿಟ್ಟ ಉಪ್ಪಿನಕಾಯಿ ಜಾಡಿಗೆ ತುಂಬಿದೆ. ಸಾಬರು ಆಗುವುದಿಲ್ಲ ಎಂದದ್ದು ನನ್ನ ಜಾಡಿಯಲ್ಲಿತ್ತು!

ಹಿಮ್ಮಡಿಗೆ ಹಚ್ಚಿಕೊಂಡೆ. ಔಷಧ ತಾನೆ? ಮೊಣಕೈಗೆ, ಮಣಿಕಟ್ಟಿಗೆ ಹಚ್ಚಿಕೊಂಡೆ. ಅಲ್ಲೂ ಚರ್ಮ ಒಡೆಯುತ್ತದೆ. ಕಡೆಗೆ ಕಿವಿಯ ಹಿಂದೆಯೂ ಹಚ್ಚಿಕೊಂಡೆ. ಅಲ್ಲಿ ಒಡೆಯುವುದಿಲ್ಲ, ಅದು ನನಗೂ ಗೊತ್ತು. ಪಾತ್ರೆ ತೊಳೆಯುವಾಗ, ಅಕ್ಕಿ ಆರಿಸುವಾಗ, ಕೈಯೆತ್ತಿದಾಗಲೆಲ್ಲ ಪರಿಮಳ ಬಂದು ಮೂಗನ್ನು ಮುಟ್ಟುತ್ತಿತ್ತು. ನಾನು ಯಾರಿಗೋ ಚಂದ ಕಾಣಲೆಂದು ಅಲ್ಲ. ನನಗೆ ನಾನು ಇದ್ದೇನೆಂದು ತಿಳಿಯಲು. ಹೀಗೆ ಎರಡು ಬೇಸಿಗೆ ಕಳೆಯಿತು. ಸೋದರತ್ತೆಗೆ ವಾಸನೆ ಬರುತ್ತಿರಲಿಲ್ಲವೋ, ಬಂದರೂ ಬಾರದ ಹಾಗಿದ್ದಳೋ.

ಇಸವಿ ಅರವತ್ತರ ಆಸುಪಾಸು, ವೈಶಾಖದಲ್ಲಿ ಅಪ್ಪನ ಶ್ರಾದ್ಧ. ಭಟ್ಟರು, ನೆಂಟರು ಪಂಕ್ತಿಗೆ ಕುಳಿತಿದ್ದರು. ನಾನು ಒದ್ದೆ ಮಡಿಯಲ್ಲಿ ವಡೆ ಬಡಿಸುತ್ತ ಬಂದೆ. ಹಿಂದಿನ ದಿನ ಹಚ್ಚಿಕೊಂಡದ್ದು ಸ್ನಾನಕ್ಕೂ ಹೋಗಿರಲಿಲ್ಲ, ಒಲೆಯ ಬಿಸಿಗೆ ಮತ್ತೆ ಎದ್ದಿತ್ತು. ಹುಲೇಕಲ್ ಕಡೆಯ ನೆಂಟರೊಬ್ಬರು, "ಓಹೋ, ಗುಲಾಬಿ ಪರಿಮಳ! ಮಾಸ್ತರ ಮನೆಲಿ ಜೋರಿದ್ದು" ಎಂದು ನಕ್ಕರು.

ಸೋದರತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಸೀರೆಗಿಂತ ಕೆಂಪಾಯಿತು.

"ಅತ್ತರು ಹಚ್ಚಿಕ್ಯಂಡು ಶ್ರಾದ್ಧಕ್ಕೆ ಬಡಿಸ್ತ್ಯನೆ? ನಿನ್ನ ಅಪ್ಪಂದೇ ಶ್ರಾದ್ಧಕ್ಕೆ?"

"ಅತ್ತರಲ್ಲ. ಮುರುಗಲ ತುಪ್ಪ. ಪನ್ನೇರಳೆ ಹಣ್ಣಿಂದು" ಎಂದೆ. ದನಿ ನಡುಗಲಿಲ್ಲ, ಅದಕ್ಕೆ ಇವತ್ತಿಗೂ ನನಗೆ ಹೆಮ್ಮೆ. "ಹೂವು ಮುಡೀಲಾಗ ಹೇಳಿದ್ದಿ, ಮುಡೀತ್ನಿಲ್ಲೆ. ಹಣ್ಣು ಹಚ್ಲಾಗ ಹೇಳಿ ಯಾವ ಶಾಸ್ತ್ರದಲ್ಲಿದ್ದು, ಭಟ್ಟರೇ ಹೇಳ್ಲಿ."

ಎಲ್ಲರೂ ಭಟ್ಟರನ್ನು ನೋಡಿದರು. ಅವರು ವಡೆಯನ್ನು ಎರಡು ಸಲ ಮುರಿದರು. "ಹಣ್ಣಿನ ವಿಚಾರ ಎಲ್ಲೂ ನೋಡಿದ್ದು ನೆನಪಿಲ್ಲೆ. ನೋಡಿ ಹೇಳ್ತೆ. ಪಾಯಸ ಬರ್ಲಿ" ಎಂದರು. ಅವರು ಕೊನೆಯವರೆಗೂ ನೋಡಿ ಹೇಳಲಿಲ್ಲ.

ನೆಂಟರು ಹೋದ ಮೇಲೆ ಸೋದರತ್ತೆ ತೀರ್ಪು ಕೊಟ್ಟಳು. ಆ ವಾಸನೆ ಮನೆಯಲ್ಲಿ ಇರುವವರೆಗೆ ನನ್ನ ಕೈಯಿಂದ ಒಂದು ತೊಟ್ಟು ನೀರನ್ನೂ ಮುಟ್ಟುವುದಿಲ್ಲ. ಅವಳಿಗೆ ಮಡಿಯಲ್ಲಿ ಬೇಯಿಸಿ ಹಾಕುತ್ತಿದ್ದವಳು ನಾನು. ಅತ್ತಿಗೆಗೆ ಕೈಕೂಸು, ಅವಳ ಅಡುಗೆ ಸೋದರತ್ತೆಗೆ ನಡೆಯದು. ಹಾಗಾಗಿ ತಾನೇ ಒಲೆ ಹೊತ್ತಿಸಿ, ಬರೀ ಗಂಜಿ ಮಾಡಿಕೊಂಡು ಉಣ್ಣತೊಡಗಿದಳು. ಹೊಗೆಗೆ ಕೆಮ್ಮುವುದು ಕೇಳುತ್ತಿತ್ತು. ಮನೆಯಲ್ಲಿ ಯಾರಿಗೂ ಅನ್ನ ಇಳಿಯುತ್ತಿರಲಿಲ್ಲ.

ಅಣ್ಣ ಹಿತ್ತಿಲಿಗೆ ಕರೆದ. "ತಂಗೀ, ಒಂದು ವಾಸನೆ ಸಲುವಾಗಿ ಮನೆ ಮುರೀಲಾಗ. ಬಿಟ್ಬಿಡು. ಅತ್ತೆ ಹಿಂಗೇ ಮಾಡಿರೆ ನಿನ್ನ ಸಿದ್ದಾಪುರಕ್ಕೆ ಕಳಿಸೂ ಅಂಬ್ರು ಎಲ್ಲ."

ಸಿದ್ದಾಪುರದವರು ನನ್ನನ್ನು ಕರೆಯುತ್ತಲೇ ಇದ್ದರು. ಪ್ರೀತಿಗಲ್ಲ, ಅಲ್ಲಿ ಅಡುಗೆಗೆ ಜನ ಸಾಲದೆ. ಹೋದರೆ ಕೂದಲೂ ಉಳಿಯದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಬಾಯಿ ತಾನಾಗಿ ಹೇಳಿತು:

"ಬಳೆ ಬಿಟ್ಟೆ, ಕುಂಕುಮ ಬಿಟ್ಟೆ, ಹೂವು ಬಿಟ್ಟೆ. ಕೇಳಿದ್ದೆಲ್ಲ ಬಿಟ್ಟಾತು ಅಣ್ಣ. ಇದ ಬಿಡ್ತ್ನಿಲ್ಲೆ. ಸಿದ್ದಾಪುರಕ್ಕೆ ಕಳಿಸಿರೆ ಜಾಡಿ ಹಿಡ್ಕಂಡೇ ಹೋಗ್ತೆ."

ಅಣ್ಣ ನನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ಶಾಲೆಗೆ ಹೋದ.

ಹೀಗಿರುವಾಗ ಏಕಾದಶಿ ಬಂತು. ಅವತ್ತು ಬೇಯಿಸುವ ಮಾತಿಲ್ಲ. ಹಣ್ಣಿಗೆ ಮೈಲಿಗೆಯೂ ಇಲ್ಲ, ಅದನ್ನು ಯಾರ ಕೈಯಿಂದ ಬೇಕಾದರೂ ತೆಗೆದುಕೊಳ್ಳಬಹುದು. ಇದು ಸೋದರತ್ತೆಯೇ ನನಗೆ ಕಲಿಸಿದ ಪಾಠ. ನಂದೊಳ್ಳಿಯಿಂದ ಹಿಂದಿನ ದಿನವಷ್ಟೇ ಪನ್ನೇರಳೆ ಬಂದಿತ್ತು. ಬಾಳೆಹಣ್ಣು, ಮಾವು, ಮಧ್ಯದಲ್ಲಿ ಒಂದಿಷ್ಟು ಪನ್ನೇರಳೆ ಇಟ್ಟು, ತಟ್ಟೆಯನ್ನು ಅವಳ ಮುಂದೆ ಇಟ್ಟೆ. ಇಟ್ಟು ಅಲ್ಲೇ ಕುಳಿತೆ. ಮುಟ್ಟದಿದ್ದರೆ ಶಾಸ್ತ್ರ ಅವಳ ಕಡೆಗಿಲ್ಲ, ಮುಟ್ಟಿದರೆ ನನ್ನ ಹಣ್ಣು ಅವಳ ಕೈಯಲ್ಲಿ. ಯಾವುದಾದರೂ ಆಗಲಿ ಎಂದು ಹಲ್ಲು ಕಚ್ಚಿ ಕುಳಿತಿದ್ದೆ.

ಅವಳು ಬಾಳೆಹಣ್ಣು ತಿಂದಳು. ಮಾವು ತಿಂದಳು. ಆಮೇಲೆ ಒಂದು ಪನ್ನೇರಳೆಯನ್ನು ಎತ್ತಿಕೊಂಡಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಬೀಜ ಸದ್ದು ಮಾಡಿತು. ಮೂಗಿನ ಹತ್ತಿರ ತಂದಳು. ತಂದವಳು ಕೆಳಗಿಳಿಸಲಿಲ್ಲ. ನಾನು ಬೈಗುಳಕ್ಕೆ ತಯಾರಾಗಿದ್ದೆ.

"ಮದುವೆ ದಿನ ಪನ್ನೀರು ಹಾಕಿದ್ರು" ಎಂದಳು. ಯಾರಿಗೆ ಹೇಳಿದಳೋ, ನನ್ನನ್ನಂತೂ ನೋಡುತ್ತಿರಲಿಲ್ಲ. "ಬೆಳ್ಳಿ ಪನ್ನೀರುದಾನಿ. ಕೆನ್ನೆ ಮೇಲೆ ತಣ್ಣಗೆ ಬಿತ್ತು. ಆನು ನಕ್ಕಿದ್ದಿ. ನಗ್ಲಾಗ ಹೇಳಿ ಅಬ್ಬೆ ಚಿವುಟಿತ್ತು." ಹಣ್ಣನ್ನು ಇನ್ನೊಮ್ಮೆ ಮೂಸಿದಳು. "ಅವ ಹೆಂಗಿದ್ದ ಹೇಳಿ ನೆನಪಿಲ್ಲೆ. ಮೋರೆಯೇ ನೆನಪಿಲ್ಲೆ. ಪನ್ನೀರು ಮಾತ್ರ ನೆನಪಿದ್ದು."

ನನ್ನ ಹಟವೆಲ್ಲ ಎಲ್ಲಿ ಹೋಯಿತೋ. ಅವಳನ್ನು ಗೆಲ್ಲಬೇಕೆಂದು ಕುಳಿತವಳಿಗೆ, ಅಷ್ಟು ವರ್ಷ ಆ ಕೆಂಪು ಸೀರೆಯೊಳಗೆ ಒಂದು ಕೂಸು ಕೆನ್ನೆ ಒದ್ದೆ ಮಾಡಿಕೊಂಡು ಕುಳಿತಿದ್ದದ್ದು ಗೊತ್ತೇ ಇರಲಿಲ್ಲ. ತಟ್ಟೆ ಎತ್ತಿಕೊಂಡು ಏಳಲು ಹೋದೆ.

"ಕೂಸೇ" ಎಂದಳು ಸೋದರತ್ತೆ. ಎಂದಿನ ಗಡಸು ದನಿ ವಾಪಸು ಬಂದಿತ್ತು. "ಆ ಜಾಡಿ ತಗಂಡು ಬಾ. ಹಿಮ್ಮಡಿ ಒಡದ್ದು ಎನಗೂ."

ಓಡಿಹೋಗಿ ತಂದೆ. ಮುಚ್ಚಳ ತೆಗೆದು, ಬೆರಳಿಗೆ ತುಪ್ಪ ತೆಗೆದುಕೊಂಡು, ಅವಳ ಕಾಲಿಗೆಂದು ಬಗ್ಗಿದೆ. ಕಾಲು ಸೀರೆಯೊಳಗೇ ಇತ್ತು. ತಲೆಯೆತ್ತಿ ನೋಡಿದರೆ ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಮಣಿಕಟ್ಟು ಮೇಲೆ ಮಾಡಿ ನನ್ನ ಕಡೆ ಕೈ ಚಾಚಿದ್ದಳು.

ನಾನು ಏನೂ ಕೇಳದೆ ಹಚ್ಚಿದೆ.